ಕರೆಂಟ್ ಮಿಣುಕಿದರೆ ವೈಫೈ ಮರೆಯುವ ರಿಲೇ ಸ್ವಿಚ್

ಜೋರು ಮಳೆಯ ರಾತ್ರಿ ಮಾತ್ರ ನಿಮ್ಮ ವೈಫೈ ಸ್ವಿಚ್ ಮನೆಯ ವೈಫೈ ಮರೆತು ತನ್ನದೇ ಹಾಟ್‌ಸ್ಪಾಟ್ ತೋರಿಸುತ್ತದೆ ಎಂದಿದ್ದೀರಿ. ಅದರೊಳಗಿನ ರಿಲೇ (ಕರೆಂಟನ್ನು ಆನ್-ಆಫ್ ಮಾಡುವ ಭಾಗ) ಕೆಟ್ಟಿರಲಿಕ್ಕಿಲ್ಲ. 10 ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ 6 ಸಲ ಕರೆಂಟ್ ಹೋಗಿ ಬಂದು 7ನೇ ಸಲ ಬಂದದ್ದು ಹೋಗದೆ ಉಳಿದರೆ ಟ್ಯಾಸ್ಮೊಟಾ (ಸ್ವಿಚ್ಚಿನೊಳಗೆ ಓಡುವ ಸಾಫ್ಟ್‌ವೇರ್) ತನ್ನ ಸೆಟ್ಟಿಂಗನ್ನೆಲ್ಲ ಅಳಿಸಿಬಿಡುತ್ತದೆ. ವೈಫೈ ತಪ್ಪಾಗಿ ಕೊಟ್ಟು ಸಿಕ್ಕಿಬಿದ್ದವರಿಗೆಂದು ಇಟ್ಟ ಸೌಲಭ್ಯ ಅದು. ಕಾಸರಗೋಡಿನ ಬದಿಯಡ್ಕದ ಕಡೆ ಗಾಳಿಮಳೆಗೆ ತೆಂಗಿನ ಮಡಲು ತಂತಿಗೆ ತಾಗಿದರೆ ಕರೆಂಟ್ ಹಾಗೆಯೇ ಮಿಣುಕುವುದಲ್ಲವಾ? ಜೋರು ಮಳೆಯ ರಾತ್ರಿ ಮಾತ್ರ ಹೀಗಾಗುವುದಕ್ಕೆ ಲೆಕ್ಕ ಸರಿಯಾಗುತ್ತದೆ.

ಮೊದಲು ಫೋನನ್ನು ಆ ಹಾಟ್‌ಸ್ಪಾಟಿಗೆ ಸೇರಿಸಿ, ಬ್ರೌಸರಿನಲ್ಲಿ 192.168.4.1 ತೆರೆದು ಮನೆಯ ವೈಫೈ ಕೊಡಿ. ನಂತರ ನಿಮ್ಮ ಮಾಡ್ಯೂಲಿನ ಟೆಂಪ್ಲೇಟ್ (ಯಾವ ಪಿನ್ನಿಗೆ ರಿಲೇ, ಯಾವುದಕ್ಕೆ ಬಟನ್ ಎಂದು ಹೇಳುವ ಸೆಟ್ಟಿಂಗ್) ಮತ್ತೆ ಹಾಕಿ. ಇದನ್ನು ಬಿಟ್ಟರೆ ಪರದೆಯಲ್ಲಿ ಆನ್ ಎಂದು ತೋರಿಸುತ್ತದೆ, ರಿಲೇ ಮಾತ್ರ ಟಕ್ ಅನ್ನುವುದಿಲ್ಲ.

ಈಗ ಅದೇ ಸ್ವಿಚ್ಚಿನ ವೆಬ್ ಪುಟದ ಕನ್ಸೋಲಿನಲ್ಲಿ (ಆದೇಶ ಬರೆಯುವ ಜಾಗ) ಸೆಟ್‌ಆಪ್ಷನ್65 ಎಂದು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಬರೆದು, ಜಾಗ ಬಿಟ್ಟು 1 ಹಾಕಿ. ಅಳಿಸುವ ಆಟ ನಿಲ್ಲುತ್ತದೆ. ತೋಟದ ಪಂಪಿಗೆ ಹಾಕಿದ ಸ್ವಿಚ್ಚಿಗೆ ಪವರ್‌ಆನ್‌ಸ್ಟೇಟ್ 0 ಸಹ ಕೊಡಿ, ಕರೆಂಟ್ ಬಂದ ಕೂಡಲೇ ಪಂಪು ತಾನಾಗಿ ಓಡಬಾರದು. (ಪಂಪನ್ನು ನೇರವಾಗಿ ರಿಲೇಗೆ ಕೊಟ್ಟಿದ್ದರೆ ಮಾರಾಯ್ರೆ, ಮೊದಲು ನಡುವೆ ಕಾಂಟ್ಯಾಕ್ಟರ್ (ಮೋಟಾರಿನ ಭಾರ ತಾಳುವ ದೊಡ್ಡ ಸ್ವಿಚ್) ಹಾಕಿಸಿ.) ಕೊನೆಗೆ ಕಾನ್ಫಿಗರೇಷನ್ ಮೆನುವಿನಿಂದ ಬ್ಯಾಕಪ್ ಫೈಲ್ ಇಳಿಸಿಟ್ಟುಕೊಳ್ಳಿ.

ಆಮೇಲೂ ಅಳಿಸಿಹೋದರೆ ಬಟನ್ ಮೇಲೆ ನನ್ನ ಅನುಮಾನ, ನೋಡದೆ ಖಚಿತವಾಗಿ ಹೇಳಲಾರೆ. ತೇವಕ್ಕೆ ಅದು ಒತ್ತಿದಂತೆಯೇ 40 ಸೆಕೆಂಡ್ ಉಳಿದರೂ ರೀಸೆಟ್ ಆಗುತ್ತದೆ. ಮೈನ್ ಆಫ್ ಮಾಡಿ ಬಿಚ್ಚಿ ಒಣಗಿಸಿ, ಸೆಟ್‌ಆಪ್ಷನ್1 ಕೂಡ 1 ಮಾಡಿ. ರೀಸೆಟ್‌ನ ಈ ಎರಡೂ ದಾರಿ ಮುಚ್ಚಿದ ಮೇಲೆ ವೈಫೈ ಪಾಸ್‌ವರ್ಡ್ ಬದಲಿಸುವುದಾದರೆ ಮೊದಲು ಸ್ವಿಚ್ಚಿನಲ್ಲಿ ಬದಲಿಸಿ, ರೌಟರಿನಲ್ಲಿ ನಂತರ.