ಧಾಮ ಅಂದಕೂಡಲೇ ದೋಣಿ ದಡಕ್ಕೆ ಎಳೆಯಬೇಕಾ?

ಓದುಗರ ಪ್ರಶ್ನೆಗೆ ಮೀನುಗಾರಿಕಾ ವಿಜ್ಞಾನಿಯ ಉತ್ತರ

ಪ್ರಶ್ನೆ: ಹೊನ್ನಾವರದ ಅಪ್ಸರಕೊಂಡ–ಮುಗಳಿ ಕಡಲ ವನ್ಯಜೀವಿ ಧಾಮ ಆಯಿತಂತೆ. ನಾವು ದಡದಿಂದ ಎಳೆಯುವ ಕೈರಂಪಣಿ, ಪಟ್ಟಬಲೆ ಬಳಸುವ ಸಣ್ಣ ಮೀನುಗಾರರು. ಇನ್ನು ಮೀನು ಹಿಡಿಯೋದು ಬಂದ್ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಹೌದಾ?

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಧಾಮ ಆದಮಾತ್ರಕ್ಕೆ ಮೀನುಗಾರಿಕೆ ಬಂದ್ ಆಗುವುದಿಲ್ಲ. ಹಾಗಂತ ನೆಮ್ಮದಿಯಾಗಿ ಮಲಗಲೂಬೇಡಿ.

ಮೊದಲು ಒಂದು ಗೊಂದಲ ಬಿಡಿಸೋಣ. ರಾಷ್ಟ್ರೀಯ ಉದ್ಯಾನ ಬೇರೆ, ಧಾಮ ಬೇರೆ. ಉದ್ಯಾನದ ನಿಯಮ ಬಹಳ ಬಿಗಿ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ 1986ರಲ್ಲಿ 21 ದ್ವೀಪಗಳನ್ನು ಸೇರಿಸಿ ಮಾಡಿದ್ದು ಉದ್ಯಾನ. ಅಲ್ಲಿ ತಲೆಮಾರುಗಳಿಂದ ಮುಳುಗಿ ಕಡಲಪಾಚಿ ಕೀಳುತ್ತಿದ್ದ ಹೆಂಗಸರು ಒಂದು ದಿನ ಇದ್ದಕ್ಕಿದ್ದಂತೆ ಕಾನೂನು ಮುರಿಯುವವರಾಗಿಬಿಟ್ಟರು. ಅವರು ಸುಮ್ನೆ ಕೂರಲಿಲ್ಲ. ಸಂಘ ಕಟ್ಟಿ, ಯಾವಾಗ ಕೀಳಬೇಕು, ಯಾವಾಗ ಬಿಡಬೇಕು ಅಂತ ತಾವೇ ಕಟ್ಟುಪಾಡು ಮಾಡಿಕೊಂಡರು. ಅವರ ಪೈಕಿ ಲಕ್ಷ್ಮಿ ಮೂರ್ತಿ ಅವರಿಗೆ 2015ರಲ್ಲಿ, ದ್ವೀಪಗಳ ಪರಿಸರ ಕಾಯುವವರಿಗೆ ಕೊಡುವ ಸೀಕಾಲಜಿ ಪ್ರಶಸ್ತಿಯೂ ಬಂತು. ಆದರೆ ಅಷ್ಟು ಹೊತ್ತಿಗೆ ಗಡಿ ಎಳೆದು ಎಷ್ಟೋ ವರ್ಷ ಕಳೆದಿತ್ತು. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಹೊನ್ನಾವರದ್ದು ಧಾಮ. ಹೆಚ್ಚುಕಡಿಮೆ ಆರು ಸಾವಿರ ಹೆಕ್ಟೇರ್, ಅದರಲ್ಲಿ ಬಹುಪಾಲು ನೀರು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 26ಎ ಕಲಮನ್ನು ಯಾರಿಂದಾದರೂ ಓದಿಸಿಕೊಳ್ಳಿ. ಸಮುದ್ರದ ಭಾಗವನ್ನು ಧಾಮಕ್ಕೆ ಸೇರಿಸುವಾಗ ಕೇಂದ್ರದ ಒಪ್ಪಿಗೆ ಬೇಕು. ಸ್ಥಳೀಯ ಮೀನುಗಾರರ ಕಸುಬಿಗೆ ಧಕ್ಕೆ ಆಗದಂತೆ ಸಾಕಷ್ಟು ಕ್ರಮ ತೆಗೆದುಕೊಂಡೇ ಗಡಿ ಗುರುತಿಸಬೇಕು. ದೋಣಿಗಳು ಹಾದುಹೋಗುವ ಹಕ್ಕಿಗೂ ಅಡ್ಡಿ ಇಲ್ಲ. ಅಂದರೆ ಶರಾವತಿ ಅಳಿವೆ ದಾಟಿ ಹೋಗಲು ಯಾರ ಅಪ್ಪಣೆಯೂ ಬೇಡ. ಆದರೆ ಹಾದುಹೋಗುವುದೇ ಬೇರೆ, ಬಲೆ ಬಿಡುವುದೇ ಬೇರೆ.

ಯಾರೂ ಹೇಳದ ಸಂಗತಿ ಇನ್ನೊಂದಿದೆ. ಹಳ್ಳಿಯ ಜಮೀನು ಧಾಮಕ್ಕೆ ಹೋಗುವುದಾದರೆ ಮೊದಲು ಪ್ರಕಟಣೆ ಬರುತ್ತದೆ. ಎರಡು ತಿಂಗಳೊಳಗೆ ಜಿಲ್ಲಾಧಿಕಾರಿ ಮುಂದೆ ಹಕ್ಕು ಹೇಳಿಕೊಳ್ಳಬಹುದು. ಸಮುದ್ರಕ್ಕೆ ಆ ದಾರಿಯೇ ಇಲ್ಲ, ಸರ್ಕಾರ ನೇರವಾಗಿ ಅಧಿಸೂಚನೆ ಹೊರಡಿಸಬಹುದು. ಹಾಗಾಗಿ ಕಸುಬಿಗೆ ಧಕ್ಕೆ ಆಗಬಾರದು ಅನ್ನುವ ಆ ಒಂದು ಮಾತೇ ನಿಮ್ಮ ಆಸ್ತಿ. ನಿಮ್ಮ ಕಸುಬು ಏನು, ಎಲ್ಲಿ, ಯಾವಾಗ ಅಂತ ಕಾಗದದ ಮೇಲೆ ಇಲ್ಲದಿದ್ದರೆ ಆ ಮಾತಿನಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಬರೆದಿಡಿ. ಯಾವ ಬಲೆ, ಕಣ್ಣು ಎಷ್ಟು ದೊಡ್ಡದು, ಎಷ್ಟು ಮಾರು ಆಳ, ಯಾವ ತಿಂಗಳು, ಬಂಗುಡೆಯೋ ತಾರ್ಲೆಯೋ ಸಿಗಡಿಯೋ. ಜಾಗ ಹೇಳುವಾಗ 'ಆ ಗುಡ್ಡದ ನೇರಕ್ಕೆ' ಅಂದರೆ ನಿಮಗೆ ಗೊತ್ತು, ಕಚೇರಿಯಲ್ಲಿ ಕೂತವರಿಗೆ ಗೊತ್ತಾಗಲ್ಲ. ಮೊಬೈಲಿನ ಜಿಪಿಎಸ್ ಅಂಕಿ ಹಾಕಿ. ಕೈರಂಪಣಿ ಎಳೆಯಲು ನೀರಿನಷ್ಟೇ ಮರಳಿನ ದಡವೂ ಬೇಕು, ಅದನ್ನೂ ಸೇರಿಸಿ. ಕಡಲಾಮೆ ಮೊಟ್ಟೆ ಇಡುವುದೂ ಅದೇ ದಡದಲ್ಲಿ. ಅದು ಬರುವುದು ಹೆಚ್ಚಾಗಿ ರಾತ್ರಿ, ನೀವು ಬಲೆ ಎಳೆಯುವುದು ಹಗಲು. ಹೊಂದಾಣಿಕೆಗೆ ಜಾಗ ಇದೆ, ಕೇಳಿದರೆ ಮಾತ್ರ. ಬಳಚು (ಚಿಪ್ಪುಮೀನು) ಹೆಕ್ಕುವ, ಮೀನು ಒಣಗಿಸುವ ಹೆಂಗಸರ ಹೆಸರು ಪಟ್ಟಿಯಲ್ಲಿ ಪ್ರತಿಸಲವೂ ಬಿಟ್ಟುಹೋಗುತ್ತದೆ. ಬಿಡುವವರು ಅಧಿಕಾರಿಗಳಲ್ಲ, ಮನೆಯ ಗಂಡಸರು!

ಇದನ್ನೆಲ್ಲ ಸಹಕಾರ ಸಂಘದ ಹೆಸರಲ್ಲಿ ಅರಣ್ಯ ಇಲಾಖೆಗೂ ಮೀನುಗಾರಿಕೆ ಇಲಾಖೆಗೂ ಕೊಟ್ಟು, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಯಾವ ಬಲೆಗೆ ಎಲ್ಲಿ ಅವಕಾಶ ಅನ್ನುವುದು ಮುಂದೆ ನಿರ್ವಹಣಾ ಯೋಜನೆಯಲ್ಲಿ ಬರುವ ವಿಷಯ. ಅದು ಅಂತಿಮವಾಗುವ ಮುಂಚೆ ನಿಮ್ಮ ಕಾಗದ ಆ ಫೈಲಿನಲ್ಲಿ ಇರಬೇಕು. ಕಡಲಾಮೆಗಳು ಮೊಟ್ಟೆ ಇಡಲು ಬರುವ ಒಡಿಶಾದ ಗಹಿರ್‌ಮಾತಾ 1997ರಿಂದ ಧಾಮ. ಆಮೆಗೆ ಒಳ್ಳೆಯದಾಯಿತು, ಸಂತೋಷ. ಸಣ್ಣ ದೋಣಿಯವರು ಮಾತ್ರ ಇವತ್ತಿಗೂ ಗಸ್ತಿನವರ ಜೊತೆ ಗಡಿಯ ಜಗಳ ಆಡುತ್ತಿದ್ದಾರೆ.

ಪ್ರಕೃತಿಪ್ರೇಮಿಗಳಿಗೂ ಒಂದು ಮಾತು. ದಡದಲ್ಲಿ ನಿಂತು ಕೈರಂಪಣಿ ಎಳೆಯುವವರನ್ನೂ ತಳ ಗೋರುವ ಟ್ರಾಲ್ ಬೋಟಿನವರನ್ನೂ ಒಂದೇ ತಕ್ಕಡಿಗೆ ಹಾಕಿ ಲೇಖನ ಬರೆಯಬೇಡಿ. ಓದಿದರೆ ಮೈ ಉರಿಯುತ್ತದೆ.

ಪ್ರಶ್ನೆ: ಧಾಮ ಮಾಡಿದರೆ ಬಂಗುಡೆ ಜಾಸ್ತಿ ಆಗುತ್ತಾ?

ಉತ್ತರ: ಬಂಗುಡೆ ಅಲೆಮಾರಿ ಮೀನು. ನಾಲ್ಕು ಅಲೆ ದಾಟಿದರೆ ಧಾಮದ ಆಚೆ. ಬಂಡೆ, ಹವಳದ ಆಸರೆಯಲ್ಲಿ ನೆಲೆ ನಿಲ್ಲುವ ಮುರುಮೀನಿನಂಥವಕ್ಕೆ ಲಾಭ ಜಾಸ್ತಿ. ಮೆಕ್ಸಿಕೋದ ಕಾಬೊ ಪುಲ್ಮೊ ಕಡಲ ಉದ್ಯಾನದಲ್ಲಿ 1999ರಿಂದ 2009ರೊಳಗೆ ಮೀನಿನ ಒಟ್ಟು ತೂಕ ನಾಲ್ಕು ಪಟ್ಟಿಗಿಂತ ಹೆಚ್ಚು ಏರಿತು. ಆದರೆ ಅಲ್ಲಿ ಮೀನುಗಾರಿಕೆ ನಿಲ್ಲಿಸಿ ಕಾವಲು ಕಾದವರು ಊರಿನವರೇ.

ಪ್ರಶ್ನೆ: ಬಲೆಗೆ ಆಮೆ ಬಿದ್ದರೆ ಕೇಸ್ ಆಗುತ್ತೆ ಅಂತ ಹೆದರಿಕೆ.

ಉತ್ತರ: ಜೀವ ಇದ್ದರೆ ಬಲೆ ಕತ್ತರಿಸಿ ಬಿಡಿ. ಸತ್ತಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ಹೂಳಬೇಡಿ. ಮಹಾರಾಷ್ಟ್ರದಲ್ಲಿ ಹೀಗೆ ಕತ್ತರಿಸಿದ ಬಲೆಗೆ 25,000 ರೂಪಾಯಿವರೆಗೆ ಪರಿಹಾರ ಕೊಡುತ್ತಾರೆ. ಇಲ್ಲಿಯೂ ಕೊಡಿ ಅಂತ ಸಂಘದಿಂದ ಬರೆಯಿರಿ.

ಪ್ರಶ್ನೆ: ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಧಾಮದ ಹೊರಗೆ ಮಾಡಬಹುದಲ್ವಾ?

ಉತ್ತರ: ಇಲ್ಲ. ಕೇಂದ್ರ 2017ರಲ್ಲೇ ನಿಷೇಧಿಸಿದೆ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲನ್ನೂ ಸೇರಿಸಿ. ನಿಮಗೂ ಗೊತ್ತು.

ಪ್ರಶ್ನೆ: ಪರಿಹಾರದ ಪಟ್ಟಿಗೆ ಹೆಸರು ಸೇರಿಸಲು ಒಬ್ಬರು ಎರಡು ಸಾವಿರ ಕೇಳುತ್ತಿದ್ದಾರೆ. ಕೊಡಲಾ?

ಉತ್ತರ: ಬೇಡ. ಕೊಟ್ಟಾಗಿದ್ದರೆ ಪೊಲೀಸ್ ಠಾಣೆಗೆ ಹೋಗಿ, ನನಗೆ ಬರೆಯಬೇಡಿ.