ಓದುಗರ ಪ್ರಶ್ನೆ: ಸಂತೆ ಹೊಳೆಯ ದಂಡೆಯ ಊರು

ಪ್ರಶ್ನೆ: ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ನನಗೆ ಹಳೆಯ ಜೀಪುಗಳ ಚಿತ್ರ ಕೂಡಿಡುವ ಹವ್ಯಾಸವಿದೆ. ರುಮೇನಿಯಾದ ‘ಆರೋ’ ಜೀಪು ತಯಾರಾಗುತ್ತಿದ್ದ ಕಿಂಪುಲುಂಗ್ ಎಂಬ ಊರು ಹಿಂದೆ ರಾಜಧಾನಿಯಾಗಿತ್ತೆಂದು ಓದಿದೆ. ಹಾಗಿದ್ದರೆ ಅದು ಇಷ್ಟು ಚಿಕ್ಕದಾಗಿ ಉಳಿದದ್ದೇಕೆ?
— ಓದುಗರು, ಚಿಂಚವಡ

ಉತ್ತರ: ತಾವು ಜುನ್ನರದ ಕಡೆಗೆ ಹೋಗಿದ್ದರೆ ನಾಣೇಘಾಟಿನ ನೆತ್ತಿಯ ಮೇಲಿರುವ ಕಲ್ಲಿನ ದೊಡ್ಡ ಗುಡಾಣವನ್ನು, ಮರಾಠಿಗರು ರಾಂಜಣ ಎನ್ನುವುದನ್ನು, ಖಂಡಿತ ನೋಡಿರುತ್ತೀರಿ, ಕೊಂಕಣದಿಂದ ಹತ್ತಿ ಬಂದ ವರ್ತಕರು ಸುಂಕದ ನಾಣ್ಯಗಳನ್ನು ಅದರೊಳಗೆ ಹಾಕುತ್ತಿದ್ದರೆಂದು ಅಲ್ಲಿಯ ಜನ ಹೇಳುತ್ತಾರೆ. ಕಿಂಪುಲುಂಗ್ ಅಂಥದೇ ಒಂದು ಘಾಟಿಯನ್ನು ನಂಬಿ ಬೆಳೆದ ಊರು. ದಕ್ಷಿಣ ಕಾರ್ಪೇಥಿಯನ್ ಪರ್ವತಗಳ ಬುಡದಲ್ಲಿ, ಹೆಚ್ಚುಕಡಿಮೆ ನಮ್ಮ ಪುಣೆಯಷ್ಟೇ ಎತ್ತರದಲ್ಲಿ, ಸುಮಾರು 600 ಮೀಟರಿನಲ್ಲಿ ಅದು ನಿಂತಿದೆ. ಉತ್ತರಕ್ಕೆ ಈಜೆರ್ ಪರ್ವತದ ಗೋಡೆ. ಈಶಾನ್ಯಕ್ಕೆ ರುಕರ್ ಮತ್ತು ಬ್ರಾನ್ ಊರುಗಳ ಮೇಲಿಂದ ಬ್ರಷೋವ್ ನಗರಕ್ಕೆ ಇಳಿಯುವ ಘಟ್ಟದ ದಾರಿ. ಊರಿನ ನಡುವೆ ಹರಿಯುವ ನದಿಯ ಹೆಸರೇ ರಿವುಲ್ ತಿರ್ಗುಲುಯ್, ಎಂದರೆ ಸಂತೆಯ ಹೊಳೆ. ಊರಿನ ಕಸುಬನ್ನು ಹೊಳೆಯೇ ಹೇಳಿಬಿಡುತ್ತದೆ.

ಈ ಜಾಗದ ಬೆಲೆ ರೋಮನ್ನರಿಗೂ ಗೊತ್ತಿದ್ದಂತೆ ತೋರುತ್ತದೆ. ಊರಿನ ಹೊರವಲಯದಲ್ಲಿ ಅವರ ಜಿದಾವಾ ಕೋಟೆಯ ತಳಪಾಯ ಇಂದಿಗೂ ಉಳಿದಿದೆ. ಅವರಾದ ಎಷ್ಟೋ ಶತಮಾನಗಳ ಮೇಲೆ ಜರ್ಮನ್ ಮಾತಿನ ಸ್ಯಾಕ್ಸನ್ ವರ್ತಕರು ಇಲ್ಲಿ ನೆಲೆಸಿದರು. ಇಲ್ಲಿಯ ಕ್ಯಾಥೊಲಿಕ್ ಇಗರ್ಜಿಯಲ್ಲಿ ಲಾರೆನ್ಷಿಯಸ್ ಎಂಬ ಮುಖ್ಯಸ್ಥನ ಗೋರಿಗಲ್ಲಿದ್ದು, ಅದರ ಮೇಲೆ ಲ್ಯಾಟಿನ್‌ನಲ್ಲಿ 1300ನೆಯ ಇಸವಿ ಕೆತ್ತಲಾಗಿದೆ. ಇಂದಿನ ರುಮೇನಿಯದ ದಕ್ಷಿಣ ಭಾಗವಾದ ವಲೇಕಿಯಾ ಸಂಸ್ಥಾನ ತಲೆಯೆತ್ತಿದಾಗ, 1330ರಲ್ಲಿ ಪೊಸಾದಾ ಕಾಳಗದಲ್ಲಿ ಹಂಗೇರಿಯ ದೊರೆಯನ್ನು ಸೋಲಿಸಿದ ಬಸರಾಬ್ ಇಲ್ಲಿಂದಲೇ ಆಳಿದನು. ಬೆನ್ನಿಗೆ ಬೆಟ್ಟವಿರುವ ಕಣಿವೆ ಹೊಸ ದೊರೆಗೆ ಒಳ್ಳೆಯ ಆಸರೆ. ಆದರೆ ರಾಜ್ಯ ಡ್ಯಾನ್ಯೂಬ್ ಬಯಲಿನ ಕಡೆಗೆ ಚಾಚಿಕೊಂಡಂತೆ ಅರಮನೆಯೂ ಘಟ್ಟ ಇಳಿಯಿತು: ಮೊದಲು ಕುರ್ತ್ಯಾ ದೆ ಆರ್ಜೆಷ್, ಬಳಿಕ ತಿರ್ಗೊವಿಷ್ಟೆ, ಕೊನೆಗೆ ಬುಖಾರೆಸ್ಟ್. ಅರಸರು ಹೋದರೂ ಘಾಟಿ ಅಲ್ಲಿಯೇ ಇತ್ತು. ಬ್ರಷೋವ್‌ನ ಸರಕು ಇಳಿಯುವುದೂ ನಿಲ್ಲಲಿಲ್ಲ. ಬದುಕಲು ಅಷ್ಟು ಸಾಕಾಯಿತು, ದೊಡ್ಡ ನಗರವಾಗಲು ಸಾಲಲಿಲ್ಲ.

ಅದೇ ಘಾಟಿಯಿಂದ 1916ರಲ್ಲಿ ಯುದ್ಧವೂ ಇಳಿದು ಬಂತು. ಊರಿಗೆ ಮೇಲಿನ ಮತೆಯಾಷ್ ಗುಡ್ಡದಲ್ಲಿ ರುಮೇನಿಯದ ಪಡೆಗಳು ಜರ್ಮನ್ ಮತ್ತು ಆಸ್ಟ್ರಿಯಾ-ಹಂಗೇರಿ ಸೈನ್ಯವನ್ನು ವಾರಗಟ್ಟಲೆ ತಡೆದು ನಿಲ್ಲಿಸಿದವು. ಪಶ್ಚಿಮದ ಜಿಯು ಕಣಿವೆಯಲ್ಲಿ ಶತ್ರು ನುಗ್ಗಿದ್ದರಿಂದಲೇ ಅವು ಹಿಂದೆ ಸರಿಯಬೇಕಾಯಿತು. ಮಡಿದವರ ಅಸ್ಥಿಗಳಿರುವ ಸ್ಮಾರಕ ಅಲ್ಲಿದೆ. ಇನ್ನು ತಮ್ಮ ಜೀಪಿನ ಮಾತು: ಸೋವಿಯತ್ ಗಾಜ್-69ರ ಮಾದರಿಯಲ್ಲಿ ಐಎಂಎಸ್-57 ಇಲ್ಲಿ 1957ರಲ್ಲಿ ಹೊರಬಂತು, 1972ರಿಂದ ಆರೋ 24 ಸರಣಿ ಶುರುವಾಯಿತು, 2006ರಲ್ಲಿ ಕಾರ್ಖಾನೆ ದಿವಾಳಿಯಾಯಿತು. ಕಾರ್ಖಾನೆ ಮುಚ್ಚಿದ ಊರಿನ ಚಹಾದಂಗಡಿಗಳು ಹೇಗಿರುತ್ತವೆಂಬುದನ್ನು ಚಿಂಚವಡದವರಿಗೆ ನಾನು ವಿವರಿಸಬೇಕಿಲ್ಲ.

ಪ್ರಶ್ನೆ: ರುಮೇನಿಯನ್ ಭಾಷೆಯಲ್ಲಿ ಉಳಿದಿರುವ ಅತಿ ಹಳೆಯ ಬರಹ 1521ರದು ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದಿರಿ. ನಮ್ಮ ಹಲ್ಮಿಡಿ ಶಾಸನಕ್ಕಿಂತ ಸಾವಿರ ವರ್ಷ ಈಚೆಯದು! ಅದು ಶಾಸನವೋ, ಗ್ರಂಥವೋ?
— ಓದುಗರು, ಡೊಂಬಿವಿಲಿ

ಉತ್ತರ: ಎರಡೂ ಅಲ್ಲ, ಕಾಗದದ ಮೇಲೆ ಬರೆದ ಪತ್ರ, ಬರೆದವನು ಮೇಲಿನ ಕಿಂಪುಲುಂಗ್ ಊರಿನವನೇ ಆದ ನ್ಯಾಕ್ಷು ಎಂಬ ವರ್ತಕ. ಬ್ರಷೋವ್‌ನ ನಗರಾಧ್ಯಕ್ಷ ಹಾನ್ಸ್ ಬೆಂಕ್ನರ್‌ಗೆ ಅವನು ಗುಟ್ಟಾಗಿ ಸುದ್ದಿ ಕಳಿಸಿದ್ದಾನೆ: ತುರ್ಕರ ಸುಲ್ತಾನನು ಸೋಫಿಯಾದಿಂದ ಹೊರಟಿದ್ದಾನೆ, ಹಡಗುಗಳು ಡ್ಯಾನ್ಯೂಬ್ ನದಿಯಲ್ಲಿ ಮೇಲಕ್ಕೆ ಹೋಗುತ್ತಿವೆ, ಎಚ್ಚರವಾಗಿರಿ. ಪತ್ರದ ಆರಂಭದ ಗೌರವದ ಮಾತುಗಳು ಅಂದಿನ ದಫ್ತರದ ಭಾಷೆಯಾದ ಸ್ಲಾವೋನಿಕ್‌ನಲ್ಲಿವೆ. ಸುದ್ದಿಗೆ ಬರುತ್ತಲೇ ಅವನು ಆಡುಮಾತಿಗೆ ಇಳಿಯುತ್ತಾನೆ. ನಮ್ಮ ಹಿರಿಯರು ‘ಕ್ಷೇಮ, ತರುವಾಯ’ ಎಂದು ಶಿಷ್ಟವಾಗಿ ತೊಡಗಿ, ಮಳೆ-ಬೆಳೆಯ ಮಾತು ಬರುತ್ತಲೇ ಧಾರವಾಡದ ನುಡಿಗೆ ಹೊರಳುತ್ತಿದ್ದರಲ್ಲ, ಹಾಗೆ. ಲಿಪಿ ಮಾತ್ರ ಉದ್ದಕ್ಕೂ ಸಿರಿಲಿಕ್. ಇಂದಿನ ರುಮೇನಿಯನ್ನರು ಲ್ಯಾಟಿನ್ ಅಕ್ಷರಗಳಲ್ಲಿ ಬರೆಯುವುದರಿಂದ, ಪೇಶ್ವೆ ದಫ್ತರದ ಮೋಡಿ ಕಾಗದಗಳ ಮುಂದೆ ಪುಣೆಯ ಹುಡುಗರು ತಬ್ಬಿಬ್ಬಾಗುವಂತೆ, ಅಲ್ಲಿಯ ಹುಡುಗರೂ ಅದನ್ನು ಓದಲಾರರು.

ಪತ್ರದಲ್ಲಿ ದಿನಾಂಕವಿಲ್ಲ. ಅದರಲ್ಲಿ ಹೇಳಿದ ಸೈನ್ಯದ ನಡೆಗಳಿಂದಲೇ ವಿದ್ವಾಂಸರು 1521ರ ಜೂನ್ ಕೊನೆ ಎಂದು ಗುರುತಿಸಿದ್ದಾರೆ. ಅದೇ ಆಗಸ್ಟಿನಲ್ಲಿ ಬೆಲ್‌ಗ್ರೇಡ್ ಸುಲ್ತಾನ್ ಸುಲೇಮಾನನ ಕೈಸೇರಿತು; ನ್ಯಾಕ್ಷುವಿಗೆ ಸಿಕ್ಕಿದ್ದು ಗಾಳಿಸುದ್ದಿಯಾಗಿರಲಿಲ್ಲ. ಪತ್ರ ತಲುಪಿದ ಊರಿನಲ್ಲಿಯೇ, ಬ್ರಷೋವ್‌ನ ದಫ್ತರದಲ್ಲಿ, ಅದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಳಕಿಗೆ ಬಂತು. ಘಟ್ಟ ಹತ್ತಿಳಿಯುವ ವರ್ತಕರ ಕಿವಿಗೆ ಅರಮನೆಗಿಂತ ಮೊದಲು ಸುದ್ದಿ ಬೀಳುತ್ತಿತ್ತೇನೋ ಎಂದು ನನ್ನ ಅನುಮಾನ.

ಪ್ರಶ್ನೆ: ನಕ್ಷೆಯಲ್ಲಿ ಎರಡು ಕಿಂಪುಲುಂಗ್‌ಗಳಿವೆ. ಯಾವುದು ಯಾವುದು?
— ಓದುಗರು, ಮಡಗಾಂವ

ಉತ್ತರ: ಹೆಸರಿನ ಅರ್ಥ ‘ಉದ್ದನೆಯ ಬಯಲು’, ನಮ್ಮಲ್ಲಿ ಹೊಸೂರುಗಳು ಹಲವಿರುವಂತೆ ಅಲ್ಲಿಯೂ ಆಗಿದೆ. ಉತ್ತರದಲ್ಲಿ, ಮೊಲ್ದೋವಾ ನದಿಯ ಕಣಿವೆಯಲ್ಲಿರುವುದು ಕಿಂಪುಲುಂಗ್ ಮೊಲ್ದೊವೆನೆಸ್ಕ್. ಇಲ್ಲಿ ಹೇಳಿದ್ದು ದಕ್ಷಿಣದ ಆರ್ಜೆಷ್ ಜಿಲ್ಲೆಯದು. ಮುಸ್ಚೆಲ್ ಎಂಬ ಹಳೆಯ ಜಿಲ್ಲೆ 1950ರಲ್ಲಿ ರದ್ದಾಗಿದ್ದರೂ ಜನರು ಅದನ್ನು ಇಂದಿಗೂ ಕಿಂಪುಲುಂಗ್ ಮುಸ್ಚೆಲ್ ಎಂದೇ ಕರೆಯುತ್ತಾರೆ.