ಮಾಡೆಲ್ ಫೋರ್ ಸ್ಟ್ರೋಕ್ ಇಂಜಿನ್‌ನ ಕ್ಯಾಮ್, ಟ್ಯಾಪೆಟ್, ವಾಲ್ವ್ ಎಲ್ಲವನ್ನೂ ಸ್ಟೇನ್‌ಲೆಸ್ ಸ್ಟೀಲ್‌ನಲ್ಲೇ ಮಾಡಬಹುದಾ?

ದಯವಿಟ್ಟು ಬೇಡ. ತುಕ್ಕು ಹಿಡಿಯುವುದಿಲ್ಲ ಅನ್ನೋದು ನಿಜ, ಆದರೆ ಕ್ಯಾಮ್ (ತಿರುಗುತ್ತಾ ವಾಲ್ವ್ ಏಳಿಸುವ ಉಬ್ಬು) ಇರುವ ಕಡೆ ಎಣ್ಣೆ ಇದ್ದೇ ಇರುತ್ತದೆ, ಅಲ್ಲಿ ತುಕ್ಕಿನ ಚಿಂತೆ ಯಾಕೆ? ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಉಜ್ಜಿದರೆ ಒಂದಕ್ಕೊಂದು ಕಚ್ಚಿಕೊಂಡು ಮೇಲ್ಮೈ ಕಿತ್ತು ಬರುತ್ತದೆ. ಯಾವ ಪಾರ್ಟ್ ಯಾವುದಕ್ಕೆ ಉಜ್ಜುತ್ತದೆ ಅಂತ ಮೊದಲು ನೋಡಿ, ಆಮೇಲೆ ಜೋಡಿಯಾಗಿ ಲೋಹ ಆರಿಸಿ.

ಕ್ಯಾಮ್, ಅದರ ಮೇಲೆ ಉಜ್ಜುವ ಟ್ಯಾಪೆಟ್ ಎರಡಕ್ಕೂ ನಾನು ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಟೂಲ್ ಸ್ಟೀಲ್) ರಾಡ್ ಬಳಸುತ್ತೇನೆ. ಅಯಸ್ಕಾಂತ ಅಂಟದಷ್ಟು ಕೆಂಪಗೆ ಕಾಯಿಸಿ, ಇನ್ನೂ ಸ್ವಲ್ಪ ಬಿಸಿ ಏರಿಸಿ (ಸುಮಾರು 800 ಡಿಗ್ರಿ), ಎಣ್ಣೆಗೆ ಅದ್ದಿ. ಈಗ ಅರ ಹಚ್ಚಿದರೆ ಕಚ್ಚದೆ ಜಾರಬೇಕು. ಜಾರಿದರೆ 200 ಡಿಗ್ರಿ ಓವನ್‌ನಲ್ಲಿ ಒಂದು ಗಂಟೆ ಇಟ್ಟು ಟೆಂಪರ್ ಮಾಡಿ, ಇಲ್ಲದಿದ್ದರೆ ಗಾಜಿನ ಹಾಗೆ ಒಡೆಯುತ್ತದೆ. ಟ್ಯಾಪೆಟ್ ಅನ್ನು ಇನ್ನೂ ಸ್ವಲ್ಪ ಜಾಸ್ತಿ ಬಿಸಿಯಲ್ಲಿ ಟೆಂಪರ್ ಮಾಡಿ, ಆಗ ಅದು ಕ್ಯಾಮ್‌ಗಿಂತ ಸ್ವಲ್ಪ ಮೆತ್ತಗಾಗುತ್ತದೆ. ಸವೆಯುವುದಿದ್ದರೆ ಅದೇ ಸವೆಯಲಿ, ಹೊಸ ಟ್ಯಾಪೆಟ್ ಮಾಡುವುದು ಕ್ಯಾಮ್ ಮಾಡುವುದಕ್ಕಿಂತ ಎಷ್ಟೋ ಸುಲಭ ಅಲ್ವಾ.

ವಾಲ್ವ್‌ಗೆ ಮಾತ್ರ ಸ್ಟೇನ್‌ಲೆಸ್ ಸರಿ, ಬಿಸಿ ಗ್ಯಾಸ್ ತಡೆಯುತ್ತದೆ. 303 ಅನ್ನೋ ಬಗೆಯ ಸ್ಟೇನ್‌ಲೆಸ್ ಲೇತ್‌ನಲ್ಲಿ ಚೆನ್ನಾಗಿ ಕಟ್ ಆಗುತ್ತದೆ. ವಾಲ್ವ್ ಕಾಂಡ ಜಾರುವ ಗೈಡ್ ಬ್ರಾಂಜ್ ಅಥವಾ ಬೀಡು ಕಬ್ಬಿಣದ್ದಿರಲಿ. 303 ಕಾಯಿಸಿದರೆ ಗಟ್ಟಿಯಾಗುವುದಿಲ್ಲ, ಹಾಗಾಗಿ ವಾಲ್ವ್ ಒತ್ತುವ ರಾಕರ್ ಬಡಿದೂ ಬಡಿದೂ ಕಾಂಡದ ತುದಿ ಅಗಲವಾಗುತ್ತದೆ, ಗೈಡ್‌ನಿಂದ ಈಚೆಗೆ ಬರುವುದೇ ಇಲ್ಲ. ತುದಿಗೆ ಓಎಚ್‌ಎನ್‌ಎಸ್‌ನದೇ ಚಿಕ್ಕ ಟೋಪಿ ಮಾಡಿ, ಗಟ್ಟಿ ಮಾಡಿ ಹಾಕಿ.

ಪುಶ್‌ರಾಡ್ (ಟ್ಯಾಪೆಟ್‌ನಿಂದ ರಾಕರ್ ತಳ್ಳುವ ಕಡ್ಡಿ) ಬಗ್ಗೆ ಜಾಸ್ತಿ ಜನ ಯೋಚಿಸುವುದೇ ಇಲ್ಲ. ಸಿಲಿಂಡರ್, ಹೆಡ್ ಅಲ್ಯೂಮಿನಿಯಂ ಆಗಿದ್ದರೆ ಅವು ಸ್ಟೀಲ್‌ಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತವೆ. 50 ಮಿ.ಮೀ. ಉದ್ದದ ಸ್ಟೀಲ್ ಪುಶ್‌ರಾಡ್ ಇದ್ದು, ಎಲ್ಲವೂ ಒಂದೇ ಸಮ 80 ಡಿಗ್ರಿ ಕಾದರೂ ವಾಲ್ವ್ ಗ್ಯಾಪ್ (ರಾಕರ್‌ಗೂ ವಾಲ್ವ್ ತುದಿಗೂ ನಡುವಿನ ಸಂದು) ಸುಮಾರು 0.04 ಮಿ.ಮೀ. ಜಾಸ್ತಿಯಾಗುತ್ತದೆ. ನೀವು ತಣ್ಣಗಿದ್ದಾಗ 0.05 ಇಟ್ಟಿದ್ದರೆ ಬಿಸಿಯಾದಾಗ ಅದು ಹತ್ತತ್ತಿರ ಎರಡರಷ್ಟು. ಟಕಟಕ ಸದ್ದು ಬರುತ್ತದೆ, ವಾಲ್ವ್ ಪೂರ್ತಿ ಏಳುವುದಿಲ್ಲ. ಅದಕ್ಕೇ ಅಲ್ಯೂಮಿನಿಯಂ ಪುಶ್‌ರಾಡ್ ಮಾಡಿ, ಎರಡೂ ತುದಿಗೆ ಗಟ್ಟಿ ಮಾಡಿದ ಸ್ಟೀಲ್ ತುಂಡು ಕೂರಿಸಿ.

ಸ್ಪ್ರಿಂಗ್‌ಗೆ ಪಿಯಾನೋ ವೈರ್ ಸಾಕು. ಸಿಲಿಂಡರ್ ಯಾವ ಲೋಹದ್ದು, ಪುಶ್‌ರಾಡ್ ಎಷ್ಟು ಉದ್ದ ಅಂತ ಬರೆಯಿರಿ, ನಿಮ್ಮ ಇಂಜಿನ್‌ಗೆ ಗ್ಯಾಪ್ ಲೆಕ್ಕ ಹಾಕಿ ಹೇಳುತ್ತೇನೆ.